ಡಾಕ್ಟರ್ ಬಾಯಿಯವರ ಕೆಂಪು ಕಾರು

ಮುಂಡರಗಿಯಲ್ಲಿ ನಾನು ನರ್ಸ್ ಆಗಿದ್ದ ಹೆರಿಗೆ ಆಸ್ಪತ್ರೆಯನ್ನು ನಡೆಸುತ್ತಿದ್ದವರನ್ನು ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದರು. ಅವರದೊಂದು ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರಿತ್ತು. ಗದಗ ರಸ್ತೆಗೆ ಬಂದೊಡನೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಗಟ್ಟಿ ಹಿಡ್ಕೋವಾ" ಎನ್ನುವರು. ಆಮೇಲೆ ಕಪ್ಪತಗುಡ್ಡವೇ ಹಿಂದಕ್ಕೆ ಓಡುತ್ತಿತ್ತು.

ಕಾರಿಗೆ ವಯಸ್ಸಾಗಿ ಬಿಡಿಭಾಗ ಸಿಗದಾದಾಗ, ಅದಕ್ಕಿಂತ ವೇಗದ್ದೊಂದನ್ನು ಹುಬ್ಬಳ್ಳಿಯಲ್ಲಿ ಮೆಚ್ಚಿ ಬಂದರು. ಮರುವಾರ ತರುವುದಿತ್ತು.

ಅಷ್ಟರಲ್ಲಿ ಸಿಂಗಟಾಲೂರಿನಿಂದ ಕರೆ ಬಂತು. ನಾವು ಹೋದಾಗ ಬಸುರಿಗೆ ವಿಪರೀತ ರಕ್ತ ಹೋಗುತ್ತಿತ್ತು. ಆಂಬುಲೆನ್ಸ್ ಇನ್ನೂ ದೂರವಿತ್ತು. ಮೂವರು ಹೆಣಗಿದರೂ ಅವಳನ್ನು ಆ ಕೆಂಪು ಕಾರಿನೊಳಗೆ ಮಲಗಿಸಲಾಗಲಿಲ್ಲ.

"ಬಾಯಾರ, ನನ್ನ ಮಗಳು ಉಳೀತಾಳಿಲ್ರಿ?" ಎಂದು ಅವಳ ತಾಯಿ ಕೇಳಿದಳು.

ಬಾಯಿಯವರು ರಸ್ತೆಗೆ ಓಡಿ, ಮೆಣಸಿನಕಾಯಿ ಹೇರಿಕೊಂಡು ಹೊರಟಿದ್ದ ಟೆಂಪೊಗೆ ಅಡ್ಡ ನಿಂತರು. ಚೀಲಗಳನ್ನು ಇಳಿಸಿ, ಅದರಲ್ಲೇ ಮಲಗಿಸಿ ತಂದೆವು. ಬಾಣಂತಿ, ಕೂಸು ಇಬ್ಬರೂ ಉಳಿದರು.

ಮರುದಿನ ಅವರು ಹುಬ್ಬಳ್ಳಿಗೆ ಫೋನ್ ಮಾಡಿದರು. "ಆ ಗಾಡಿ ಬ್ಯಾಡ್ರಿ. ಒಬ್ಬಾಕಿ ಕಾಲ್ ಚಾಚಿ ಮಲಗೂವಂಥಾದ್ದು ಯಾವುದೈತಿ, ಅದನ್ನ ತೋರಸ್ರಿ." ಬಂದದ್ದು ಡಬ್ಬಿಯಂಥ ಬಿಳಿ ವ್ಯಾನು.

ಹಳೆಯ ಕಾರನ್ನು ಒಯ್ಯಲು ಬಂದವರಿಗೆ, "ಒಂದ್ ಹತ್ತು ನಿಮಿಷ ಕುಂಡ್ರಿ" ಎಂದು ಚಹಾ ಕೊಡಿಸಿ, ಬಾಯಿಯವರು ಒಬ್ಬರೇ ಅದನ್ನೇರಿ ಹೊರಟರು. ಮರಳಿದ್ದು ಒಂದು ತಾಸಿನ ಮೇಲೆ. ಬೆಳ್ಳಗಾಗುತ್ತಿದ್ದ ಕೂದಲೆಲ್ಲ ಕೆದರಿತ್ತು. ಕೀಲಿಕೈ ಕೊಡುವಾಗ ಅವರ ಮುಖ ಕಾಲೇಜು ಹುಡುಗಿಯ ಮುಖದಂತಿತ್ತು.