ವಳ್ಳಿ ಅತ್ತೆಯ ಕೇಸು ಮತ್ತು ಪಾಂಡೀಶ್ವರಿಯ ಎರಡು ಪದವಿ

ಪಾಂಡೀಶ್ವರಿ ದಿಂಡಿಗಲ್ಲಿನ ಲಾ ಕಾಲೇಜಿಗೆ ಸೇರಿದ್ದು ೧೯೯೫ರಲ್ಲಿ. ಐದು ವರ್ಷದ ಓದು, ಮುಗಿಸಿದವರಿಗೆ ಬಿ.ಎ. ಮತ್ತು ಕಾನೂನಿನ ಬಿ.ಎಲ್. ಎರಡೂ ಕೈಗೆ ಬರುತ್ತವೆ. ಕಂಬಂನಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿದ್ದ ಅವಳ ಅಪ್ಪ ಧನಪಾಲ್, ಲಾರಿಗೆ ಹಣ್ಣು ತುಂಬುವಾಗಲೂ ಕೂಲಿಯವರಿಗೆ ಇದನ್ನೇ ಹೇಳುತ್ತಿದ್ದರು: "ಒಂದೇ ಬಸ್ಸಲ್ಲಿ ಹೋಗಿ ಎರಡು ಓದು ಓದ್ಕೊಂಡು ಬರ್ತಾಳೆ ನನ್ನ ಮಗಳು."

ಕಾಲೇಜಿನಲ್ಲಿ ಆ ಎರಡು ಓದುಗಳಿಗೆ ಮಾತುಕತೆಯೇ ಇರಲಿಲ್ಲ. ಸಮಾಜಶಾಸ್ತ್ರ ಮೇಲಿನ ಮಹಡಿಯಲ್ಲಿ, ಕಾನೂನು ಕೆಳಗಿನ ಮಹಡಿಯಲ್ಲಿ. ಮೇಲೆ ಕೂತು "ಇದು ತಪ್ಪಲ್ವಾ ಸಾರ್" ಎಂದರೆ, "ನೀನು ಜಡ್ಜ್ ಅಲ್ಲಮ್ಮ, ಕಂಡದ್ದನ್ನು ಹೇಳು" ಎನ್ನುತ್ತಿದ್ದರು. ಕೆಳಗೆ ಕೂತು "ನಮ್ಮೂರಲ್ಲಿ ಹಾಗೆ ನಡೆಯೋಲ್ಲ" ಎಂದರೆ, "ಊರ ಕಥೆ ಮೇಲೆ ಹೇಳು, ಇಲ್ಲಿ ಸೆಕ್ಷನ್ ಹೇಳು" ಎನ್ನುತ್ತಿದ್ದರು. ಮೊದಮೊದಲು ಅವಳು ನಗುತ್ತಿದ್ದಳು. ಎರಡನೇ ವರ್ಷದ ಹೊತ್ತಿಗೆ ಆ ನಗು ನಿಂತಿತ್ತು.

ಮೂರನೇ ವರ್ಷದಲ್ಲಿ ಬಿ.ಎ. ಭಾಗಕ್ಕೆ ಒಂದು ಕ್ಷೇತ್ರ ಅಧ್ಯಯನ ಮಾಡಬೇಕಿತ್ತು. ಸಮಾಜಶಾಸ್ತ್ರದ ಅಳಗರ್ ಸಾರ್ ಅವಳನ್ನು ಕರೆದು, "ನಿಮ್ಮ ಜನರ ಕೂಟದ ಬಗ್ಗೆ ಬರಿ. ಹೊರಗಿನವರಿಗೆ ಯಾರೂ ಹೇಳೋಲ್ಲ, ನಿನಗೆ ಹೇಳ್ತಾರೆ" ಎಂದರು.

ಅದು ನಿಜವೇ. ಪಾಂಡೀಶ್ವರಿಯ ಜನ ಎಷ್ಟೋ ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಬಂದು ಈ ಕಂಬಂ ಕಣಿವೆಯಲ್ಲಿ ನೆಲೆ ನಿಂತ ಬೇಸಾಯಗಾರರು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಯಾರಿಗೂ ಬಾರದು. ಜಗಳ, ಪಾಲು, ಮದುವೆ ಯಾವುದಿದ್ದರೂ ಕೂಟದಲ್ಲಿ ತೀರಬೇಕು. ಕಂಬಳಿ ಹಾಸಿ ಗಂಡಸರು ಕೂರುತ್ತಾರೆ. ಹೆಂಗಸರು ಕೋಯಿಲಿನ, ಎಂದರೆ ದೇವಸ್ಥಾನದ, ಗೋಡೆಯಾಚೆ ನಿಂತು ಕೇಳಿಸಿಕೊಳ್ಳುತ್ತಾರೆ.

ಕೂಟದ ಹಿರಿಯ ದುರೈ ತಾತ, ಮಗುವನ್ನು ಕರೆದಂತೆ ಪಾಪಾ ಎನ್ನುತ್ತ, ಅವಳನ್ನು ಕೂರಿಸಿಕೊಂಡು ಖುಷಿಯಿಂದ ಎಲ್ಲವನ್ನೂ ಹೇಳಿದರು. "ಗಂಡಹೆಂಡ್ತಿಗೆ ಹೊಂದ್ಕೆ ಆಗ್ಲಿಲ್ಲ ಅಂದ್ರೆ ಕೂಟ ಸೇರಿ ಬಿಡಿಸ್ಬಿಡ್ತೀವಿ ಪಾಪಾ. ನಮ್ಮಪ್ಪನ ಕಾಲದಲ್ಲೂ ಹಂಗೇ, ಅವರಪ್ಪನ ಕಾಲದಲ್ಲೂ ಹಂಗೇ. ಕೋರ್ಟು ಕಚೇರಿ ನಾವು ಕಂಡೋರಲ್ಲ."

ಪಾಂಡೀಶ್ವರಿ ಅದನ್ನೆಲ್ಲ ಬರೆದುಕೊಂಡಳು. ಗೋಡೆಯಾಚೆ ನಿಲ್ಲುವ ಹೆಂಗಸರನ್ನೂ ಮಾತಾಡಿಸಿದಳು. ಕೂಟ ಬಿಡಿಸಿದ ಹೆಂಗಸರು ಅವಳ ಮುಂದೆ ಅತ್ತರು, ಕೆಲವರು ಬೈದರು, ಒಬ್ಬಾಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದೇ ಅವಳ ಬರಹದ ದೊಡ್ಡ ಅಧ್ಯಾಯವಾಯಿತು.

ಅಳಗರ್ ಸಾರ್ ಆ ಅಧ್ಯಾಯವನ್ನು ಪೂರ್ತಿ ಹೊಡೆದುಹಾಕಿದರು.

"ಇದು ಅಳಲು ಕಣಮ್ಮ. ಪದ್ಧತಿ ಏನು ಅಂತ ಬರೆದರೆ ಅಧ್ಯಯನ. ಅದರಿಂದ ಯಾರಿಗೆ ನೋವಾಯ್ತು ಅಂತ ಬರೆದರೆ ಅರ್ಜಿ."

"ಅವರೂ ಕಂಡದ್ದನ್ನೇ ಹೇಳಿದ್ದಾರಲ್ಲ ಸಾರ್?"

"ಮಾರ್ಕು ಬೇಕೋ ಬೇಡ್ವೋ?"

ಮಾರ್ಕು ಬೇಕಿತ್ತು. ಕೂಟಕ್ಕೆ ಹೆಂಗಸರು ಬರುವುದಿಲ್ಲ ಎಂಬ ಒಂದು ಸಾಲೂ ಸೇರಿ ಉಳಿದ ಭಾಗ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ತಮಿಳಿನಲ್ಲಿ ಅಚ್ಚಾಯಿತು. ದುರೈ ತಾತ ಒಂದು ಪ್ರತಿ ಕೇಳಿ ತರಿಸಿಕೊಂಡು ಬಂದವರಿಗೆಲ್ಲ ಓದಿಸಿದರು.

ಅದಾದ ಮರುವರ್ಷ ವಳ್ಳಿ ಅತ್ತೆಯ ಬಾಳು ಕೂಟಕ್ಕೆ ಬಂತು. ವಳ್ಳಿ ಧನಪಾಲರ ತಂಗಿ. ಗೂಡಲೂರಿನ ಮಾಯಾಂಡಿಗೆ ಕೊಟ್ಟಿದ್ದರು, ಮಕ್ಕಳಿರಲಿಲ್ಲ. ಏಲಕ್ಕಿ ವ್ಯಾಪಾರಕ್ಕೆಂದು ಘಟ್ಟ ಹತ್ತಿ ಕುಮಿಳಿಗೆ ಹೋಗಿ ಬರುತ್ತಿದ್ದ ಮಾಯಾಂಡಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಅದನ್ನು ಊರಿಗೆ ತರುವ ಮನಸ್ಸಾದಾಗ, ವಳ್ಳಿಯನ್ನು ಬಿಡಿಸಿಕೊಡಿ ಎಂದು ಕೂಟದ ಮುಂದೆ ಕೈಮುಗಿದ. ಕೂಟ ಬಿಡಿಸಿಕೊಟ್ಟಿತು. ವಳ್ಳಿ ಗೋಡೆಯಾಚೆಯಿಂದಲೇ ಅದನ್ನು ಕೇಳಿಸಿಕೊಂಡಳು.

ಪಾಂಡೀಶ್ವರಿ ಊರಿಗೆ ಬಂದಾಗ, ತವರಿಗೆ ಮರಳಿದ್ದ ಅತ್ತೆ ಹಿತ್ತಲಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಿದ್ದಳು.

"ಅವನ ಮೇಲೆ ಕೇಸು ಹಾಕೋಣ ಅತ್ತೆ. ಹೆಂಡ್ತಿ ಇರುವಾಗ ಇನ್ನೊಂದು ಮದುವೆ ಅಪರಾಧ."

"ಅವನ್ನ ಜೈಲಿಗೆ ಹಾಕ್ಸಿ ನಂಗೇನಾಗ್ಬೇಕು ನನ್ ಕಣ್ಣು. ಅವ್ನು ನಂಗೆ ಬೇಕಾಗೂ ಇಲ್ಲ." ಸೊಪ್ಪಿನ ಕಡ್ಡಿಯನ್ನು ಪಕ್ಕಕ್ಕೆಸೆದಳು. "ನನ್ನ ಒಂದು ಮಾತು ಕೇಳ್ಬೇಕಿತ್ತು. ಅಷ್ಟು ಜನ ಕೂತಿದ್ರಲ್ಲ, ಒಬ್ಬರಾದ್ರೂ ಗೋಡೆ ಕಡೆ ತಿರುಗಿ, ವಳ್ಳಿ, ನೀನೇನಂತೀಯ ಅಂತ ಕೇಳ್ಬೇಕಿತ್ತು."

"ಕೋರ್ಟಲ್ಲಿ ಕೇಳ್ತಾರೆ ಅತ್ತೆ. ಕೇಳಲೇಬೇಕು."

ಆ ಮಾತನ್ನು ನಂಬಿ ವಳ್ಳಿ ಒಪ್ಪಿದಳು. ಧನಪಾಲ್ ಕೂಟಕ್ಕೆ ಎದುರಾಗಲು ಹೆದರಿದರೂ ತಂಗಿಯ ಮುಖ ನೋಡಿ ತಡೆಯಲಿಲ್ಲ. ಕೂಟ ಬಿಡಿಸಿದ್ದು ಕಾನೂನಿನಲ್ಲಿ ನಿಲ್ಲುವುದಿಲ್ಲ, ವಳ್ಳಿ ಇನ್ನೂ ಮಾಯಾಂಡಿಯ ಹೆಂಡತಿಯೇ ಎಂದು ಉತ್ತಮಪಾಳಯಂ ಕೋರ್ಟಿನಲ್ಲಿ ದಾವೆ ಹೂಡಿದರು. ಜಾತಿಯ ಸಂಪ್ರದಾಯದಂತೆ ಆದ ಬಿಡುಗಡೆಯನ್ನು ಹಿಂದೂ ಮದುವೆಯ ಕಾನೂನು ಒಪ್ಪುತ್ತದೆ ಎಂಬುದು ಪಾಂಡೀಶ್ವರಿಗೂ ಗೊತ್ತಿತ್ತು. ಆದರೆ ಆ ಸಂಪ್ರದಾಯ ಹಳೆಯದು, ಎಡೆಬಿಡದೆ ನಡೆದುಬಂದದ್ದು ಎಂದು ಸಾಬೀತಾಗಬೇಕು. "ಅದನ್ನು ಮಾಡಬೇಕಾದವರು ಅವರು. ನಾಲ್ಕು ಮುದುಕರ ಬಾಯಿಮಾತು ಬಿಟ್ಟರೆ ಅವರ ಹತ್ತಿರ ಏನಿದೆ?" ಎಂದರು ಇವರ ವಕೀಲರು. ಪಾಂಡೀಶ್ವರಿಯೂ ತಲೆಯಾಡಿಸಿದಳು. ತಾನು ಬರೆದದ್ದು ಆ ಹೊತ್ತಿಗೆ ನೆನಪಿಗೇ ಬರಲಿಲ್ಲ.

ಮಾಯಾಂಡಿಯ ವಕೀಲರಿಗೆ ಅದು ಗೊತ್ತಿತ್ತು; ದುರೈ ತಾತನ ಪ್ರತಿ ಅವರ ಕೈ ಸೇರಿತ್ತು. ಅವಳನ್ನೇ ಸಾಕ್ಷಿಯಾಗಿ ಕರೆಸಿ ಸಂಚಿಕೆಯನ್ನು ಕೈಗೆ ಕೊಟ್ಟರು.

"ಇದು ನೀವು ಬರೆದದ್ದೇ?"

"ಹೌದು."

"ಕೂಟ ಮದುವೆ ಬಿಡಿಸುವ ವಾಡಿಕೆ ಮೂರು ತಲೆಮಾರಿಗೂ ಹಿಂದಿನದು ಅಂತ ಇದೆ. ಸುಳ್ಳೇ?"

"ಸುಳ್ಳಲ್ಲ. ಆದರೆ ಹೆಂಗಸರನ್ನು ಯಾರೂ ಕೇಳೋಲ್ಲ. ಅದನ್ನೂ ನಾನು ಬರೆದಿದ್ದೆ, ಕಾಲೇಜಿನವರು..."

"ಇದರಲ್ಲಿ ಇದೆಯೇ?"

"ಇಲ್ಲ."

"ಅಷ್ಟು ಸಾಕು."

ಜಡ್ಜರು ತಲೆ ತಗ್ಗಿಸಿ ಬರೆದುಕೊಂಡರು. ಅವಳು ಇನ್ನೂ ಏನೋ ಹೇಳಲು ಬಾಯಿ ತೆರೆದಾಗ, ಇಳಿಯಿರಿ ಎಂದು ಕೈಸನ್ನೆಯಾಯಿತು.

ಮರುದಿನ ದಿಂಡಿಗಲ್ಲಿಗೆ ಹೋಗಿ ನೇರ ಮೇಲಿನ ಮಹಡಿಗೆ ಹತ್ತಿದಳು. ಅಳಗರ್ ಸಾರ್ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದರು. ಅವರು ಕೆಟ್ಟವರಲ್ಲ, ನಿಜವಾಗಿಯೂ ನೊಂದರು. "ಕೋರ್ಟಿಗೆ ಹೋಗುತ್ತೆ ಅಂತ ನಾನು ಅಂದುಕೊಳ್ಳಲಿಲ್ಲಮ್ಮ. ಇದನ್ನು ಕೆಳಗೆ ಕೇಳು" ಎಂದರು. ಕೆಳಗೆ ಕೌಟುಂಬಿಕ ಕಾನೂನಿನ ಮೇಷ್ಟ್ರು, "ಕೇಸು ಹಾಕೋಕೆ ಮುಂಚೆ ಇದನ್ನು ಅಚ್ಚು ಹಾಕಿಸಿದ್ದು ಯಾರು?" ಎಂದರು. ಆವತ್ತು ಅವಳು ಮತ್ತೆ ಯಾವ ಕ್ಲಾಸಿಗೂ ಹೋಗಲಿಲ್ಲ. ಬಸ್ ಸ್ಟಾಂಡಿನ ಬೆಂಚಿನಲ್ಲಿ ಕೂತು, ಕಂಬಂ ಬಸ್ಸು ಬಂದು ಹೋದರೂ ಹತ್ತದೆ, ಹಲ್ಲು ಕಚ್ಚಿಕೊಂಡು ಅತ್ತಳು.

ಸಂಪ್ರದಾಯ ಸಾಬೀತಾಗಿದೆ ಎಂದು ದಾವೆ ವಜಾ ಆಯಿತು. ಮೇಲಿನ ಕೋರ್ಟಿಗೆ ಹೋಗೋಣ, ನ್ಯಾಯವಲ್ಲದ ಸಂಪ್ರದಾಯ ಕಾನೂನಿನಲ್ಲೂ ನಿಲ್ಲುವುದಿಲ್ಲ ಎಂದು ಪಾಂಡೀಶ್ವರಿ ವಾದಿಸಿದಳು. ವಳ್ಳಿ ಒಪ್ಪಲಿಲ್ಲ.

"ಕೋರ್ಟಲ್ಲಿ ಕೇಳ್ತಾರೆ ಅಂತ ನೀನಂದೆ. ಹೆಸ್ರು ಕೇಳಿದ್ರು, ಊರು ಕೇಳಿದ್ರು, ಮದ್ವೆ ಯಾವಾಗಾಯ್ತು ಅಂತ ಕೇಳಿದ್ರು. ಮಿಕ್ಕಿದ್ದೆಲ್ಲ ವಕೀಲ್ರೇ ಮಾತಾಡ್ಕೊಂಡ್ರು. ಅಲ್ಲೂ ಒಂದು ಗೋಡೆ ಇತ್ತು ಕಣ್ಣು, ನಿಂಗೆ ಕಾಣ್ಲಿಲ್ಲ."

ಬೈದಿದ್ದರೆ ವಾಸಿಯಿತ್ತು. ಅತ್ತೆ ಬೈಯಲಿಲ್ಲ. ಮರುದಿನದಿಂದ ಅಣ್ಣನ ತೋಟದಲ್ಲಿ ಬಳ್ಳಿ ಕತ್ತರಿಸಲು ಹೋಗತೊಡಗಿದಳು.

ಎರಡೂ ಪದವಿ ಬಂದಾಗ ಧನಪಾಲ್ ಮನೆಯಲ್ಲಿ ಊಟ ಹಾಕಿಸಿದರು. ದುರೈ ತಾತ ಶಾಲು ತಂದು ಹೊದಿಸಿ, "ಕೋಯಿಲಿನ ಜಾಗದ ತಕರಾರು ಒಂದಿದೆ. ಕೂಟದ ವಕೀಲಳು ನೀನೇ ಆಗ್ಬೇಕು ಪಾಪಾ" ಎಂದರು.

"ಆಗ್ತೀನಿ ತಾತ. ಮುಂದಿನ ಕೂಟದಲ್ಲಿ ಹೆಂಗಸರೂ ಕೂತು ಮಾತಾಡ್ಲಿ."

ದುರೈ ತಾತ ಅವಳ ತಲೆ ಸವರಿದರು. "ಹೆಂಗಸರು ಬರೋದಿಲ್ಲ ಅಂತ ನೀನೇ ಬರ್ದಿದ್ದೀಯಲ್ಲ."

ಪಾಂಡೀಶ್ವರಿ ಶಾಲು ತೆಗೆದು ಮಡಿಸಿ ಅವರ ಪಕ್ಕದಲ್ಲಿಟ್ಟಳು. ಕೇಸು ಬೇರೆ ವಕೀಲರ ಪಾಲಾಯಿತು. ಅಪ್ಪ ಎಷ್ಟೋ ದಿನ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ಅವಳು ತೇನಿಯಲ್ಲಿ ಒಬ್ಬ ಹಿರಿಯ ವಕೀಲರ ಬಳಿ ಜೂನಿಯರ್ ಆಗಿ ಸೇರಿದಳು. ಅವರು ಅವಳಿಗೆ ಕೊಡುವುದು ಬರೀ ವಾಯಿದೆ ಕೇಳುವ ಕೆಲಸ. ದಿನವೂ ಕಪ್ಪು ಕೋಟು ತೊಟ್ಟು ಕೋರ್ಟಿಗೆ ಹೋಗಿ, ಇನ್ನೊಂದು ದಿನ ಕೊಡಿ ಎಂದು ಕೇಳಿ, ಬಿಸಿಲಲ್ಲಿ ನಡೆದು ಬರುತ್ತಾಳೆ.