ಟ್ಯಾಂಕಿನ ಹೊನ್ನಯ್ಯನ ಪಂಚೆ

ಬೆಳಗಿನ ಐದೂವರೆ. ಹಗರೆಯಿಂದ ಮೂರು ಮೈಲಿ ಒಳಗಿರುವ ಈ ಊರಲ್ಲಿ ಆಷಾಢದ ಗಾಳಿ ಜನಕ್ಕಿಂತ ಮೊದಲೇ ಎದ್ದಿದೆ. ನೀರಿನ ಟ್ಯಾಂಕಿನ ಏಣಿಯ ಮೇಲೆ, ನೆಲದಿಂದ ಇಪ್ಪತ್ತು ಅಡಿ ಎತ್ತರದಲ್ಲಿ, ಹೊನ್ನಯ್ಯ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಾರೆ. ಹೆಗಲಲ್ಲಿ ಬ್ಲೀಚಿಂಗ್ ಪುಡಿಯ ಚೀಲ. ಕಾಲಲ್ಲಿ ಮಗನ ಹಳೆಯ ಪ್ಯಾಂಟು. ಮೊಣಕಾಲು ಮಡಿಸಿದಾಗಲೆಲ್ಲ ಅದು ತೊಡೆ ಹಿಡಿಯುತ್ತದೆ. ಒಂದು ಮೆಟ್ಟಿಲಿಗೆ ಒಂದು ಸಲ ಪ್ಯಾಂಟನ್ನು ಸೊಂಟಕ್ಕೆ ಎಳೆದುಕೊಂಡು ಮೇಲೇರುತ್ತಾರೆ.

ಕೆಳಗೆ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡ ರಂಗಮ್ಮ ಕೂಗುತ್ತಾರೆ. "ಏನ್ ಹೊನ್ನಯ್ಯ, ಹೆಣ್ಣು ನೋಡಕ್ ಹೊಂಟಂಗಿದೀಯಲ್ಲ!"

"ನೋಡಾಗೈತೆ ಕಣವ್ವ, ಮೂವತ್ತು ವರ್ಸದ ಕೆಳ್ಗೆ. ನಿನ್ ಕೊಡ ಸರಿಯಾಗ್ ಹಿಡಿ, ನೀರು ಬತ್ತೈತೆ!"

ನಲವತ್ತಾರು ಮೆಟ್ಟಿಲು, ದಿನಕ್ಕೆ ಎರಡು ಸಲ. ಟ್ಯಾಂಕಿನ ಹೊರಗೆ ನೀರಿನ ಮಟ್ಟ ತೋರಿಸುವ ಗುರುತು ಮುರಿದು ನಾಲ್ಕು ವರ್ಷವಾಯಿತು. ಹಾಗಾಗಿ ಹತ್ತಿ, ಮುಚ್ಚಳ ತೆಗೆದು, ಬಗ್ಗಿ ನೋಡಲೇಬೇಕು. ಇಳಿದ ಮೇಲೆ ಏಳು ವಾಲ್ವು. ಒಂದೊಂದು ಬೀದಿಗೆ ಇಪ್ಪತ್ತೈದು ನಿಮಿಷ ನೀರು. ಮುನ್ನೂರ ಎಂಬತ್ತು ಮನೆಯ ಒಲೆಯ ಮೇಲಿನ ಪಾತ್ರೆ, ಶಾಲೆಗೆ ಹೊರಡುವ ಮಕ್ಕಳ ಸ್ನಾನ ಎಲ್ಲವೂ ಈ ಮನುಷ್ಯ ಎಷ್ಟು ಹೊತ್ತಿಗೆ ಎದ್ದ ಎನ್ನುವುದರ ಮೇಲೆ ನಿಂತಿವೆ. ನೀರು ಬಂದ ದಿನ ಯಾರೂ ಅವರ ಹೆಸರು ಎತ್ತುವುದಿಲ್ಲ. ಬಾರದ ದಿನ ಎಲ್ಲರೂ ಎತ್ತುತ್ತಾರೆ.

ಹದಿನಾರು ವರ್ಷ ಹೊನ್ನಯ್ಯ ಈ ಕೆಲಸವನ್ನು ಪಂಚೆಯಲ್ಲೇ ಮಾಡಿದ್ದಾರೆ. ಬೇಸಿಗೆಯಲ್ಲಿ ಕಬ್ಬಿಣದ ಏಣಿ ಕಾದಾಗ ಕಾಲಿಗೆ ಗಾಳಿಯಾಡುವುದು ಪಂಚೆಯಲ್ಲೇ. "ಪ್ಯಾಂಟ್ ಅಂದ್ರೆ ಎಲ್ಡ್ ಒಲೆ ಕಾಲಿಗೆ ಕಟ್ಕಂಡಂಗೆ" ಎಂದು ನಗುತ್ತಾರೆ. ಆದರೆ ಗಾಳಿ ದಿನಗಳಲ್ಲಿ ಪಂಚೆ ಮಾತು ಕೇಳುವುದಿಲ್ಲ. ಎತ್ತಿ ಕಟ್ಟಿದರೂ ಬಿಚ್ಚಿಕೊಳ್ಳುತ್ತದೆ.

ಹೋದ ತಿಂಗಳು ಅದೇ ಆಯಿತು. ಅರ್ಧ ಏಣಿಯಲ್ಲಿದ್ದಾಗ ಬಿಚ್ಚಿದ ಪಂಚೆಯ ತುದಿ ಏಣಿಯ ಬೋಲ್ಟಿಗೆ ಸಿಕ್ಕಿತು. ಕಾಲು ಜಾರಿತು. ಒಂದು ಕೈಯಲ್ಲಿ ನೇತಾಡಿಕೊಂಡು, ಇನ್ನೊಂದರಲ್ಲಿ ಪಂಚೆ ಹರಿದು, ಒಳಚಡ್ಡಿಯಲ್ಲಿ ಕೆಳಗಿಳಿದರು. ಮೊದಲು ಕಿರುಚಿದ ಜನ ಆಮೇಲೆ ನಕ್ಕರು. ಗ್ರಾಮ ಪಂಚಾಯಿತಿ ಅಧ್ಯಕ್ಷ ಇಂದುಧರ ಮಾತ್ರ ನಗಲಿಲ್ಲ. "ನಾಳೆ ಬಿದ್ದು ಸತ್ರೆ ಯಾರು ಹೊಣೆ? ಇನ್ ಮೇಲೆ ಡ್ಯೂಟಿಲಿ ಪ್ಯಾಂಟು. ಆಗಲ್ಲ ಅಂದ್ರೆ ವಾಲ್ವ್ ಕೀಲಿ ಬೇರೆಯವ್ರಿಗೆ ಕೊಡು" ಎಂದರು. ಹತ್ತು ದಿನ ಹಾಕಿ ನೋಡಿ, ಶುಕ್ರವಾರದ ಸಭೆಯಲ್ಲಿ ಉತ್ತರ ಹೇಳಬೇಕೆಂದೂ ಆಯಿತು.

ಅರಸೀಕೆರೆಯಲ್ಲಿ ಮೇಷ್ಟ್ರಾಗಿರುವ ಮಗ ಸಿದ್ಧಾರ್ಥ ಎರಡು ಪ್ಯಾಂಟು ತಂದುಕೊಟ್ಟ. "ಅಪ್ಪ, ಬಟ್ಟೆ ತಾನೇ, ಹಟ ಯಾಕೆ?" ಅಂದ. ಆಗ ಹೊನ್ನಯ್ಯ, ಮಗನಿಗೆ ಅಲ್ಲಿಯತನಕ ಹೇಳದ ಮಾತೊಂದನ್ನು ಹೇಳಿದರು.

ಅದನ್ನು ಈಗ, ವಾಲ್ವಿನ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕೇಳಿದ ನನಗೆ ಇನ್ನೊಮ್ಮೆ ಹೇಳುತ್ತಾರೆ. "ನಮ್ಮಪ್ಪ ಕೆಂಚಯ್ಯ ಮೇಲ್ಗಡೆ ಬೀದಿಲಿ ಹೋಗೋವಾಗ ಪಂಚೆ ಮಂಡಿ ಮೇಲಕ್ಕೆ ಎತ್ತಿ ಕಟ್ಬೇಕಿತ್ತು. ಇಳಿಬಿಟ್ರೆ 'ಏನ್ಲಾ, ದೊಡ್ಡೋನಾದ್ಯಾ' ಅನ್ನೋರು. ಕೆಸರಿರ್ಲಿ, ಚಳಿ ಇರ್ಲಿ, ಮದ್ವೆ ದಿನಾನೂ ಅಷ್ಟೇಯ. ನಂಗೆ ಈ ಕೆಲ್ಸ ಸಿಕ್ಕಿದ್ ದಿನ ಅಪ್ಪ ಒಂದು ಬಿಳಿ ಪಂಚೆ ತಂದು, ಕಣಕಾಲು ಮುಚ್ಚೋ ಹಂಗೆ ತಾನೇ ಉಡಿಸ್ದ. 'ಹಂಗೇ ಹೋಗು ಮಗ, ಮೇಲ್ಗಡೆ ಬೀದಿ ವಾಲ್ವನ್ನೇ ಮೊದ್ಲು ತಿರುಗ್ಸು' ಅಂದ. ಹೋದೆ. ಜಗಲಿ ಮೇಲಿದ್ದೋರು ನೋಡಿದ್ರು. ಏನೂ ಅನ್ಲಿಲ್ಲ. ನೀರು ಬೇಕಿತ್ತಲ್ಲ!"

ಕೆಂಚಯ್ಯ ಈಗಿಲ್ಲ. ಪ್ಯಾಂಟು ಹಾಕಿದರೆ ಆ ಬೀದಿಯಲ್ಲಿ ಏನೂ ಕಳೆದುಹೋಗುವುದಿಲ್ಲ ಎಂದು ಮಗನ ಲೆಕ್ಕ. ಪ್ಯಾಂಟಿನವನನ್ನು ಯಾರೂ ತಡೆಯಲಿಲ್ಲ, ತಡೆದದ್ದು ಪಂಚೆಯನ್ನು, ಆದ್ದರಿಂದ ಗೆಲ್ಲಬೇಕಾದದ್ದೂ ಪಂಚೆಯಲ್ಲೇ ಎಂದು ಹೊನ್ನಯ್ಯನ ಲೆಕ್ಕ. ಹೆಂಡತಿ ಮುನಿಯಮ್ಮನದು ಬೇರೆಯೇ. "ಬಿದ್ ಗಿದ್ದೀಯ, ಆಮೇಲೆ ನಿನ್ ಪಂಚೆ ಹೊದ್ಕಂಡು ನಾನೇನ್ ಮಾಡ್ಲಿ?"

ಆ ಮಾತೇ ಅವರನ್ನು ತಟ್ಟಿದ್ದು. ಶುಕ್ರವಾರ ಹನ್ನೊಂದು ಗಂಟೆಗೆ ಪಂಚಾಯಿತಿ ಕಟ್ಟಡಕ್ಕೆ ಹೊನ್ನಯ್ಯ ಹೋಗುತ್ತಾರೆ. ಉಟ್ಟಿರುವುದು ಪಂಚೆ. ಅಧ್ಯಕ್ಷರ ಹುಬ್ಬು ಮೇಲೇರುತ್ತದೆ.

"ಏನಯ್ಯ, ಹೇಳಿದ್ದೇನು, ನೀನ್ ಮಾಡ್ತಿರೋದೇನು?"

ಹೊನ್ನಯ್ಯ ವಾಲ್ವು ತಿರುಗಿಸುವ ಕೀಲಿಯನ್ನು ಮೇಜಿನ ಮೇಲಿಡುತ್ತಾರೆ. ಇದು ಹೋದರೆ ಈ ವಯಸ್ಸಿಗೆ ಇನ್ನೊಂದು ಕೆಲಸವಿಲ್ಲ.

"ನೀವ್ ಹೇಳಿದ್ದು ಸರಿ ಸ್ವಾಮಿ. ಏಣಿ ಮೇಲೆ ಪಂಚೆ ಅಪಾಯ, ನನ್ ತೆಪ್ಪು. ಏಣಿ ಬುಡಕ್ಕೆ ಹೋಗಿ ಪಂಚೆ ಬಿಚ್ಚಿಡ್ತೀನಿ. ಖಾಕಿ ಚಡ್ಡಿಲಿ ಹತ್ತಿ ಇಳೀತೀನಿ. ಸೊಂಟಕ್ಕೆ ಹಗ್ಗ ಬೇಕಾದ್ರೂ ಕಟ್ಕತ್ತೀನಿ. ಆದ್ರೆ ನೆಲದ್ ಮ್ಯಾಲೆ, ಬೀದಿಲಿ ವಾಲ್ವ್ ತಿರುಗ್ಸಕ್ಕೆ ಪಂಚೆ ಉಟ್ಕಂಡೇ ಬತ್ತೀನಿ. ಆಗಲ್ಲ ಅಂದ್ರೆ ಕೀಲಿ ಇಲ್ಲೈತೆ."

ಯಾರೋ ಕಿಸಕ್ಕೆಂದರು. ಇಂದುಧರ ಕೀಲಿಯನ್ನು ತಮ್ಮ ಕಡೆ ಎಳೆದುಕೊಂಡರು. ಅವರ ಮನೆಯೂ ಮೇಲ್ಗಡೆ ಬೀದಿಯಲ್ಲೇ. ಅವರಜ್ಜ ಕೂರುತ್ತಿದ್ದ ಜಗಲಿ ಇನ್ನೂ ಇದೆ. ಆಮೇಲೆ ಅದನ್ನೇ ಹೊನ್ನಯ್ಯನ ಕಡೆ ತಳ್ಳಿದರು. "ಹಗ್ಗ ನಾನು ಕೊಡಿಸ್ತೀನಿ. ಕಟ್ಟದೆ ಹತ್ತಿದ್ರೆ ಮಾತ್ರ ಬಿಡಲ್ಲ."

ಹೊರಗೆ ಗಾಳಿ ಇನ್ನೂ ನಿಂತಿಲ್ಲ. ಮೇಲ್ಗಡೆ ಬೀದಿಗೆ ಎರಡನೇ ಸರದಿಯ ನೀರು ಬಿಡುವ ಹೊತ್ತು ದಾಟಿದೆ. ಜಗಲಿಯಿಂದ ಒಬ್ಬರು ಆಗಲೇ ಕೂಗುತ್ತಿದ್ದಾರೆ. ಹೊನ್ನಯ್ಯ ಒಂದು ಕೈಯಲ್ಲಿ ಪಂಚೆಯ ಅಂಚು ಹಿಡಿದು, ಇನ್ನೊಂದರಲ್ಲಿ ಕೀಲಿ ಹಿಡಿದು ಹೆಜ್ಜೆ ಹಾಕುತ್ತಾರೆ. ಬೈಗುಳಕ್ಕೆ ಬೇಸರವಿಲ್ಲವೇ ಎಂದು ನಾನು ಕೇಳಿದರೆ ನಡೆಯುತ್ತಲೇ ಹೇಳುತ್ತಾರೆ:

"ನೀರು ತಡ ಆಯ್ತು ಅಂತ ಬೈಯ್ಲಿ ಸ್ವಾಮಿ, ಅದು ನನ್ ಕೆಲ್ಸ. ಬಟ್ಟೆ ನೋಡಿ ಬೈಯೋರು ಇಲ್ವಲ್ಲ, ಅಷ್ಟು ಸಾಕು."