ದೊಡ್ಡತ್ತೆ ಯಾರ ಕಡೆ?

ಕಳೆದ ವಾರ ನಮ್ಮ ಮನೆಯಲ್ಲಿ ಯುದ್ಧ ಶುರುವಾಯಿತು. ಕಾರಣ, ಒಂದು ಕಾದಂಬರಿ.

ಕೆ. ಹೊಸಕೋಟೆ ರಸ್ತೆಯಲ್ಲಿ ಆನೆಯೊಂದು ಕರೆಂಟ್ ಕಂಬ ಬೀಳಿಸಿತ್ತು. (ನಮ್ಮ ಆಲೂರು ಕಡೆ ಇದು ಸುದ್ದಿಯೇ ಅಲ್ಲ ಬಿಡಿ.) ಟೀವಿ ಬಂದ್, ಸೀರಿಯಲ್ ಬಂದ್. ನನ್ನ ಅತ್ತೆಗೆ ಹೊತ್ತೇ ಹೋಗದು. ಮಗ್ಗೆಯಿಂದ ಅವರ ಅಕ್ಕ, ಅಂದರೆ ನಮ್ಮ ದೊಡ್ಡತ್ತೆ, ಬೇರೆ ಬಂದಿದ್ದರು. ಇಬ್ಬರೂ ಎಪ್ಪತ್ತು ದಾಟಿದವರು. ನಾನು ಓದುತ್ತಿದ್ದ ಪುಸ್ತಕವನ್ನೇ ಅವರಿಗೆ ಜೋರಾಗಿ ಓದತೊಡಗಿದೆ.

ಹಳೆಯ ಕಾಲದ ಕಥೆ. ಶತ್ರು ಸೈನ್ಯ ಒಂದು ಊರನ್ನು ಹಿಡಿದು ಕೂತಿದೆ. ಅಲ್ಲಿ ಅಕ್ಕ-ತಂಗಿ. ತಂಗಿ ಕಾಡಿನಲ್ಲಿ ಅಡಗಿರುವ ಹೋರಾಟಗಾರರಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸುತ್ತಾಳೆ. ಅಕ್ಕ? ತಮ್ಮ ಮನೆಯಲ್ಲೇ ಠಿಕಾಣಿ ಹೂಡಿದ ಶತ್ರು ಅಧಿಕಾರಿಗೆ ದಿನಾ ಬೇಯಿಸಿ ಬಡಿಸುತ್ತಾಳೆ.

“ಥೂ, ಮಾನಗೆಟ್ಟೋಳು. ಊಟಕ್ಕೆ ವಿಷ ಹಾಕ್ಬಾರ್ದಾ?” ಅಂದರು ಅತ್ತೆ.

“ಹಾಕಿದ್ರೆ ಊರಿಗೇ ಬೆಂಕಿ ಇಕ್ತಾರೆ ಕಣೆ. ಸುಮ್ನೆ ಕೇಳು,” ಅಂದರು ದೊಡ್ಡತ್ತೆ.

ಎಂಥ ಜೋಶ್ ಅಂತೀರಿ. ಅಂಗಳದಲ್ಲಿ ಒಣಗುತ್ತಿದ್ದ ಕಾಫಿ ಬೀಜಕ್ಕೆ ಕೈಯಾಡಿಸಲು ನಾನು ಎದ್ದರೂ ಬಿಡಲಿಲ್ಲ. “ಕಾಫಿ ಅಲ್ಲೇ ಐತೆ, ಎಲ್ಲೂ ಓಡೋಗಲ್ಲ. ನೀನು ಓದವ್ವ.” ಇಷ್ಟು ವರ್ಷ ಬರೆದಿದ್ದೇನೆ, ನನ್ನ ಅಂಕಣಕ್ಕೆ ಇಂಥ ಮರ್ಯಾದೆ ಸಿಕ್ಕಿದ್ದುಂಟಾ?

ಸೈನಿಕರು ತಂಗಿಯನ್ನು ಹಿಡಿಯಲು ಬರುವ ಅಧ್ಯಾಯ ಬಂತು. ಅಕ್ಕ ಅಧಿಕಾರಿಯ ಮುಂದೆ ಬಿಸಿ ಊಟವಿಟ್ಟು, ಮಾತಿಗೆಳೆದು, ಏಳದಂತೆ ಕೂರಿಸುತ್ತಾಳೆ; ಅವನ ಅಪ್ಪಣೆಯಿಲ್ಲದೆ ಸೈನಿಕರು ಒಳನುಗ್ಗುವಂತಿಲ್ಲ. ಅಷ್ಟರಲ್ಲಿ ತಂಗಿ ಹಿತ್ತಲಿಂದ ಪಾರು. ತನ್ನನ್ನು ಉಳಿಸಿದ್ದು ಯಾರೆಂದು ಅವಳಿಗೆ ಗೊತ್ತೇ ಇಲ್ಲ. ಓಡುತ್ತಾ ಅಕ್ಕನಿಗೇ ಶಾಪ ಹಾಕುತ್ತಾಳೆ.

ದೊಡ್ಡತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಮ್ಮನೇಲೂ ಹಿಂಗೇ ಆಗಿದ್ದು.”

ಅವರಿಬ್ಬರ ಅಪ್ಪ ತೀರಿಕೊಂಡ ಮೇಲೆ ಮನೆಯನ್ನೆಲ್ಲ ಚಿಕ್ಕಪ್ಪ ಹಿಡಿದುಕೊಂಡಿದ್ದ. ಆಗಿನ್ನೂ ಹುಡುಗಿಯಾಗಿದ್ದ ಅತ್ತೆ ಅವನೊಂದಿಗೆ ಜಗಳಾಡಿ ಸೋದರಮಾವನ ಮನೆ ಸೇರಿದರು. ದೊಡ್ಡತ್ತೆ ಅಲ್ಲೇ ಉಳಿದು ಚಿಕ್ಕಪ್ಪನಿಗೆ ಬೇಯಿಸಿ ಹಾಕಿದರು. ‘ನಮ್ಮಕ್ಕ ಹೇಡಿ’ ಎಂದು ಅತ್ತೆ ಹೇಳುವುದನ್ನು ನಾನೇ ಎಷ್ಟು ಸಲ ಕೇಳಿದ್ದೇನೋ.

“ಚಿಕ್ಕಪ್ಪ ನಿನ್ನ ಎಳ್ಕೊಂಡ್ ಬಂದು ಹೆಂಡ್ತಿ ಸತ್ತೋನಿಗೆ ಕಟ್ಟೋನಿದ್ದ ಕಣೆ,” ಅಂದರು ದೊಡ್ಡತ್ತೆ. “ಅವಳ ತಂಟೆಗೆ ಹೋಗ್ಬೇಡ, ನಾನು ಇಲ್ಲೇ ಗೇಯ್ಕೊಂಡು ಬಿದ್ದಿರ್ತೀನಿ ಅಂದೆ. ಅವ್ವನ್ನೂ ನೋಡ್ಕೋಬೇಕಿತ್ತಲ್ಲ.”

ಅತ್ತೆ ಅಕ್ಕನ ಕಡೆ ತಿರುಗಿದರು. “ನಂಗ್ಯಾಕೆ ಹೇಳ್ಲಿಲ್ಲ?”

“ನೀನು ಮಾತಾಡಕ್ಕೆ ಬುಟ್ರೆ ತಾನೆ?”

ಇಬ್ಬರಿಗೂ ನಗು ಬಂತು. ಹಿಂದೆಯೇ ಅಳು.

ಆಮೇಲೆ ದೊಡ್ಡತ್ತೆ ಅಭ್ಯಾಸಬಲದಿಂದ ರೊಟ್ಟಿ ತಟ್ಟಲು ಎದ್ದರು. ಅತ್ತೆ ಭುಜ ಹಿಡಿದು ಕೂರಿಸಿದರು. “ನೀನು ಕೂತ್ಕೊ ಅಕ್ಕ. ಇವತ್ತು ನಾನು ಮಾಡ್ತೀನಿ.” ಒಳಹೋದವರು ಅಲ್ಲಿಂದಲೇ ನನಗೆ ಕೂಗಿದರು: “ಜೋರಾಗಿ ಓದವ್ವ, ಆ ಅಕ್ಕಂಗೆ ಏನಾಯ್ತು?”

ಓದಿದೆ. ಕೊನೆಯ ಪುಟದ ಹೊತ್ತಿಗೆ ಯುದ್ಧ ಮುಗಿದಿತ್ತು, ಅಕ್ಕ ಬದುಕಿದ್ದಳು, ರೊಟ್ಟಿ ಸೀದುಹೋಗಿತ್ತು.

ಊರನ್ನು ಶತ್ರು ಹಿಡಿದರೆ ಕಾದಂಬರಿಯಾಗುತ್ತದೆ. ಮನೆಯನ್ನು ಮನೆಯವರೇ ಹಿಡಿದಾಗ ಒಳಗೆ ಉಳಿದವಳ ಕಥೆಯನ್ನು ಕೇಳುವವರು ಯಾರು?